ಕಡ್ಡಿಪೆಟ್ಟಿಗೆಯಲ್ಲಿ ಲವಂಗ

ಮಾರ್ಚ್ ಬಿಸಿಲಲ್ಲಿ ವಿಜಯಪುರದ ತಿಕೋಟಾ ಸೀಮೆಯ ಮಣೂಕ ಶೆಡ್ಡಿನೊಳಗೆ ಕಾಲಿಟ್ಟರೆ ಹೊರಗಿಗಿಂತ ತಂಪು. ಒಂದರ ಮೇಲೊಂದು ಕಟ್ಟಿದ ಜಾಳಿಗೆಗಳ ಮೇಲೆ ದ್ರಾಕ್ಷಿ ಹರವಿರುತ್ತಾರೆ. ಹದಿನೈದಿಪ್ಪತ್ತು ದಿನದಲ್ಲಿ ಅದು ಸುಕ್ಕುಗಟ್ಟಿ ಮಣೂಕ ಆಗುತ್ತದೆ. ಅಂಥದೊಂದು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಅರವತ್ತರ ಆಸುಪಾಸಿನ ಒಬ್ಬರು ಅಂಗಿಯ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದರು. ಬೀಡಿ ಹಚ್ಚುತ್ತಾರೆಂದು ನಾನು ತುಸು ಸರಿದು ಕೂತೆ. ಪೆಟ್ಟಿಗೆಯಲ್ಲಿ ಕಡ್ಡಿಯೇ ಇರಲಿಲ್ಲ. ಏಳೆಂಟು ಲವಂಗ, ಚಿಟಿಕೆ ಬಡೇಸೋಪು, ಒಂದು ಯಾಲಕ್ಕಿ.

"ಇದೇನ್ರಿ ಕಾಕಾ?"

"ಬಾಯಿಗಿಂತ ಮೊದಲ ಕೈಗೆ ಚಟ ಇರತೈತಿ ತಮ್ಮಾ. ಪೆಟಗಿ ತಗೀಲಿಲ್ಲಂದ್ರ ಕೈ ಸುಮ್ಮ ಕೂಡೂದಿಲ್ಲ. ಅದಕ್ಕ ಪೆಟಗಿ ಬಿಡ್ಲಿಲ್ಲ, ಬೀಡಿ ಬಿಟ್ಟೆ."

ಮೂವತ್ತು ವರ್ಷ ದಿನಕ್ಕೆ ಎರಡು ಕಟ್ಟು ಸೇದಿದವರು ಅವರು. ನಾನು ಕಂಡಾಗ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಲವಂಗವೇ ಬಿಡಿಸಿತಾ ಎಂದು ಕೇಳಿದ್ದಕ್ಕೆ ನಕ್ಕರು. "ಲವಂಗ ಏನ್ ಬಿಡಸ್ತೈತ್ರಿ, ಅದು ಬರೇ ಜೋಡಿಗಿತ್ತು."

ಸಿಗರೇಟು, ಬೀಡಿ ಬಿಡಲು ಗಿಡಮೂಲಿಕೆ ಏನಾದರೂ ಇದೆಯಾ ಎಂದು ಕೇಳುವವರಿಗೆ ನಾನು ಹೇಳಬೇಕೆಂದಿರುವುದೂ ಇಷ್ಟೇ. ಚಟವನ್ನು ಬುಡಸಮೇತ ಕೀಳುವ ಬೇರು ನಾರು ನಮ್ಮ ಅಡುಗೆಮನೆಯಲ್ಲಿಲ್ಲ. ಆದರೆ ಬಿಟ್ಟ ಮೇಲೆ ಬರುವ ಹತ್ತಾರು ಸಣ್ಣ ಕಾಟಗಳಿವೆಯಲ್ಲ, ಜನ ಸೋತು ಮತ್ತೆ ಪಾನಂಗಡಿಗೆ ಹೋಗುವುದು ಅವುಗಳಿಂದಲೇ. ಅವಕ್ಕೆ ಅಡುಗೆಮನೆಯಲ್ಲಿ ಮದ್ದಿದೆ.

ಎಲೆ ಎಂದ ಮಾತ್ರಕ್ಕೆ ಅಮೃತವಲ್ಲ ಎನ್ನುವುದು ವಿಜಯಪುರದವರಿಗೆ ಉಳಿದವರಿಗಿಂತ ಚೆನ್ನಾಗಿ ಗೊತ್ತಿರಬೇಕು. 1603-04ರ ಹೊತ್ತಿಗೆ ಅಕ್ಬರನ ದೂತ ಅಸದ್ ಬೇಗ್ ಇಲ್ಲಿಗೆ ಬಂದಿದ್ದ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ತರುವ ಕೆಲಸ. ಅದುವರೆಗೆ ತಾನು ಎಲ್ಲೂ ಕಾಣದ ತಂಬಾಕನ್ನು ಅವನು ಈ ಊರಲ್ಲಿ ಕಂಡ. ಒಂದಿಷ್ಟು ಕೊಂಡು, ರತ್ನ ಕೆತ್ತಿದ ಚಿಲುಮೆಯೊಂದನ್ನು ಮಾಡಿಸಿ, ಆಗ್ರಾಕ್ಕೆ ಒಯ್ದು ಅಕ್ಬರನ ಮುಂದಿಟ್ಟ. ಇದು ಔಷಧಿ ಎಂದೇ ಆಸ್ಥಾನದಲ್ಲಿ ಪರಿಚಯವಾಯಿತು. ಅಕ್ಬರ್ ಒಂದೆರಡು ದಮ್ಮು ಎಳೆದ. ನಮ್ಮ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಬೇಡ ಎಂದು ಹಕೀಮ ತಡೆದ. ಬಾದಶಹ ಕೈಬಿಟ್ಟ, ಸರದಾರರು ಬಿಡಲಿಲ್ಲ. ಎಲ್ಲರೂ ಬೇಕೆಂದು ಕೇಳಿ ಪಡೆದರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸುವಷ್ಟು ಅದು ಹಬ್ಬಿತ್ತು. ಅಕ್ಬರನ ಮುಂದೆ ನಡೆದ ಪ್ರಸಂಗವನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಮೊಘಲ್ ದರ್ಬಾರಿಗೆ ತಂಬಾಕು ನಮ್ಮೂರಿಂದ ಹೋಯಿತು, ಅದೂ ಮೂಲಿಕೆಯ ವೇಷದಲ್ಲಿ. ಹಕೀಮನ ಹೆಸರಿನಲ್ಲಿ ಇಲ್ಲೊಂದು ರಸ್ತೆ ಇದ್ದರೆ ಚೆನ್ನಾಗಿತ್ತು ಎಂದು ನನಗೆ ಆಗಾಗ ಅನಿಸುತ್ತದೆ.

ಅದೇ ವೇಷ ಇವತ್ತು ಬೀಡಿಗಿದೆ. "ಸಿಗರೇಟಿನಾಗ ಕೆಮಿಕಲ್ ಇರತಾವು, ಬೀಡಿ ಅಂದ್ರ ಎಲಿ" ಎನ್ನುವ ಮಾತು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಹತ್ತು ನಿಮಿಷದಲ್ಲಿ ಕಿವಿಗೆ ಬೀಳುತ್ತದೆ. ಬೀಡಿಯ ಎಲೆ ಒತ್ತಾಗಿರುತ್ತದೆ, ಗಾಳಿ ಆಡುವುದಿಲ್ಲ. ಆರದಂತೆ ಇಡಲು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಒಳಗಿನ ತಂಬಾಕು ಸಿಗರೇಟಿನಷ್ಟು ಇಲ್ಲದಿದ್ದರೂ ಎದೆಗೆ ಇಳಿಯುವ ನಿಕೋಟಿನ್, ಟಾರು ಕಡಿಮೆಯೇನಲ್ಲ, ಎಷ್ಟೋ ಸಲ ಹೆಚ್ಚೇ. ಸಿಗರೇಟು ಬಿಟ್ಟು ಬೀಡಿಗೆ ಬಂದೆ ಎಂದು ಹೆಮ್ಮೆಪಡುವವರು ಎತ್ತು ಮಾರಿ ಕೋಣ ತಂದವರು.

ದಿನ ಗೊತ್ತು ಮಾಡುವುದು

ಒಮ್ಮೆಗೇ ಬಿಡಬೇಕೋ, ಕಡಿಮೆ ಮಾಡುತ್ತ ಹೋಗಬೇಕೋ? ಕೆಟ್ಟ ರೂಢಿಯನ್ನು ಕಾಲು ಕಾಲು ಪಾಲಾಗಿ, ನಡುವೆ ದಿನಗಳ ಅಂತರ ಕೊಟ್ಟು ಬಿಡಿಸುವ ಪಾದಾಂಶಿಕ ಕ್ರಮವನ್ನು ಚರಕಸಂಹಿತೆ ಹೇಳುತ್ತದೆ. ಕೇಳಲು ಹಿತವಾಗಿದೆ. ಆದರೆ ತಂಬಾಕಿನ ವಿಷಯದಲ್ಲಿ 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದು ಬೇರೆಯದನ್ನು ತೋರಿಸಿತು. ಎರಡು ವಾರ ಕಡಿಮೆ ಮಾಡುತ್ತ ಬಂದು ಬಿಟ್ಟವರಲ್ಲಿ ನಾಲ್ಕು ವಾರದ ಕೊನೆಗೆ ಉಳಿದವರು ನೂರಕ್ಕೆ 39, ಗೊತ್ತು ಮಾಡಿದ ದಿನ ಒಮ್ಮೆಗೇ ಬಿಟ್ಟವರಲ್ಲಿ 49. ನನ್ನ ಲೆಕ್ಕದಲ್ಲಿ ಎರಡನ್ನೂ ಕೂಡಿಸಿಕೊಳ್ಳಬಹುದು. ದಿನ ಮಾತ್ರ ಒಂದೇ ಇರಲಿ, ಅದು ಮುಂದಕ್ಕೆ ಹೋಗದಿರಲಿ. ಅದಕ್ಕೆ ಮುಂಚಿನ ವಾರದಲ್ಲಿ ಕಟ್ಟುಗಟ್ಟಲೆ ಕೊಳ್ಳುವುದನ್ನು ನಿಲ್ಲಿಸಿ, ಮನೆಯೊಳಗೆ ಸೇದುವುದನ್ನು ನಿಲ್ಲಿಸಿ, ದಿನದ ಯಾವ ಯಾವ ಹೊತ್ತಿಗೆ ಕೈ ಕಿಸೆಗೆ ಹೋಗುತ್ತದೆ ಎಂದು ಚೀಟಿಯಲ್ಲಿ ಗೀಚಿಕೊಳ್ಳಿ.

ಆ ದಿನವನ್ನು ನಾಲ್ಕು ಜನಕ್ಕೆ ಹೇಳಿ. ಈ ಭಾಗದವರಿಗೆ ಇದು ಹೊಸದಲ್ಲ. ಇಳಕಲ್ಲಿನ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಕೇರಿ ಕೇರಿ ತಿರುಗಿದರು. ಕೇಳಿದ್ದು ಕಾಳಲ್ಲ, ಕಾಸಲ್ಲ. ನಿಮ್ಮ ದುಶ್ಚಟ ಇದರೊಳಗೆ ಹಾಕಿ ಎಂದರು. ಜನ ಬೀಡಿ ಕಟ್ಟು, ಗುಟ್ಕಾ ಚೀಟಿ ಹಾಕಿ, ಊರವರ ಮುಂದೆ ಮಾತು ಕೊಟ್ಟರು. ಇಳಕಲ್ಲು ಈಗ ಬಾಗಲಕೋಟೆ ಜಿಲ್ಲೆ. 1997ರವರೆಗೆ ಅದೂ ನಮ್ಮ ವಿಜಯಪುರ (ಆಗಿನ ಬಿಜಾಪುರ) ಜಿಲ್ಲೆಯೇ. ಆ ಸ್ವಾಮೀಜಿಯ ಹುಟ್ಟಿದ ದಿನವಾದ ಆಗಸ್ಟ್ 1 ಅನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಮಾತು ಕೊಟ್ಟದ್ದಕ್ಕೆ ಸಾಕ್ಷಿ ಇದ್ದರೆ ಮುರಿಯಲು ನಾಚಿಕೆ. ಯಾವ ಕಷಾಯಕ್ಕೂ ಈ ಗುಣ ಇಲ್ಲ. ಜೋಳಿಗೆ ಇಲ್ಲದಿದ್ದರೆ ಮಗಳ ಕೈಯಲ್ಲಿ ಕೊನೆಯ ಪಾಕೀಟು ಕೊಡಿ.

ಮೊದಲ ಮೂರು ದಿನ

ಹೊಗೆ ಎಳೆದ ಹತ್ತೇ ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು ಎರಡು ತಾಸಿಗೊಮ್ಮೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಮಿದುಳು ಕೂಗುತ್ತದೆ. ಬಿಟ್ಟ ಎರಡನೆಯ, ಮೂರನೆಯ ದಿನ ಆ ಕೂಗು ತಾರಕಕ್ಕೆ ಏರುತ್ತದೆ, ಆಮೇಲೆ ಮೂರು ನಾಲ್ಕು ವಾರದಲ್ಲಿ ಅಡಗುತ್ತದೆ. ಒಂದೊಂದು ಸಲದ ಹಂಬಲ ಮಾತ್ರ ಐದಾರು ನಿಮಿಷದ್ದು, ಬಹಳವಾದರೆ ಹತ್ತು. ಇಡೀ ಜನ್ಮ ಸೇದದೆ ಹೇಗೆ ಇರಲಿ ಎಂದು ಯೋಚಿಸಿದರೆ ಎದೆ ಒಡೆಯುತ್ತದೆ. ಒಂದು ಚರಿಗೆ ನೀರು ಕುಡಿದು, ಹಿತ್ತಲವರೆಗೆ ಹೋಗಿ ಬರುವಷ್ಟು ಹೊತ್ತು ಇರಬಲ್ಲೆನಾ ಎಂದು ಕೇಳಿಕೊಂಡರೆ ಯಾರಾದರೂ ಇರಬಲ್ಲರು. ಚುರುಕಾಗಿ ನಡೆದರೆ ಆ ಹೊತ್ತಿನ ಹಂಬಲ ತಗ್ಗುತ್ತದೆ ಎನ್ನುವುದು ಪರೀಕ್ಷಿಸಿ ಕಂಡ ಸಂಗತಿ. ಊರಿನವರಿಗೆ ಗೋಳಗುಮ್ಮಟದ ಆವರಣವಿದೆ, ಹಳ್ಳಿಯವರಿಗೆ ಹೊಲದ ಬದುವಿದೆ.

ಇಲ್ಲೇ ಚಹಾದ ಮಾತು ಹೇಳಿಬಿಡಬೇಕು, ಬಹಳ ಜನ ಇದರಲ್ಲೇ ಎಡವುತ್ತಾರೆ. ಹೊಗೆಯಲ್ಲಿರುವ ವಸ್ತುಗಳು ಲಿವರನ್ನು ಹುರುಪುಗೊಳಿಸಿ, ಚಹಾ ಕಾಫಿಯಲ್ಲಿನ ಕೆಫೀನು ದೇಹದಿಂದ ಬೇಗ ಹೊರಹೋಗುವಂತೆ ಮಾಡಿರುತ್ತವೆ. ಹೊಗೆ ನಿಂತ ಕೆಲವೇ ದಿನಕ್ಕೆ ಆ ಹುರುಪು ಇಳಿಯುತ್ತದೆ. ಆಗ ಮೊದಲಿನಷ್ಟೇ ಕಪ್ಪು ಕುಡಿದರೂ ಮೈಯೊಳಗೆ ಕೆಫೀನು ಹೆಚ್ಚು ಹೊತ್ತು ನಿಲ್ಲುತ್ತದೆ. ಕೈ ನಡುಕ, ಎದೆ ಢವಢವ, ರಾತ್ರಿ ನಿದ್ದೆಯಿಲ್ಲ. ಇದು ಬೀಡಿ ಬಿಟ್ಟದ್ದರ ಬಾಧೆ ಎಂದು ತಿಳಿದು ಮರುದಿನ ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಚಹಾ ಅರ್ಧಕ್ಕೆ ಇಳಿಸಿ. ಚಹಾ ಅಂಗಡಿಯ ಕಟ್ಟೆಯಲ್ಲಿ ಕೂತು ಕುಡಿಯುವುದನ್ನಂತೂ ಒಂದು ತಿಂಗಳು ಬಿಡಿ. ಗೆಳೆಯರು ಮನೆಗೇ ಬರಲಿ, ಬಂದವರಿಗೆ ಮಜ್ಜಿಗೆ ಕೊಡಿ.

ಹೊಗೆ ನಿಂತ ಮೇಲೆ ಕೆಲವು ಔಷಧಿಗಳ ಪ್ರಮಾಣವೂ ಬದಲಾಗಬೇಕಾದೀತು. ದಮ್ಮಿಗೆ ಥಿಯೋಫಿಲಿನ್, ಮನೋರೋಗಕ್ಕೆ ಮಾತ್ರೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಬಿಡುವ ಮೊದಲೇ ವೈದ್ಯರಿಗೆ ಹೇಳಿ.

ಮನೆಯವರಿಗೂ ಒಂದು ಮಾತು. ಮೊದಲ ವಾರ ಬೀಡಿ ಬಿಟ್ಟಾತ ಉಪ್ಪು ಹೆಚ್ಚಾಯಿತೆಂದು ತಾಟು ಸರಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. "ಇದಕ್ಕಿಂತ ಸೇದಿದ್ರ ಛಲೋ ಇತ್ತು" ಎಂದು ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ. ಆತ ಕಾಯುತ್ತಿರುವುದು ಅದೇ ಮಾತಿಗೆ.

ಕಿಸೆಯಲ್ಲೇನು, ಅಡುಗೆಮನೆಯಲ್ಲೇನು

ಸೇದುವವನಿಗೆ ಗಂಟಲಿನಲ್ಲಿ ಒಂದು ಚುರುಕು ಬೇಕು. ಹಂಬಲದಲ್ಲಿ ನಿಕೋಟಿನ್ನಿನ ಜೊತೆಗೆ ಆ ಚುರುಕಿಗೂ ಪಾಲಿದೆ. 1994ರಲ್ಲಿ ಅಮೆರಿಕದಲ್ಲಿ ಕರಿಮೆಣಸಿನ ಸಾರದ ಆವಿಯನ್ನು ಸಿಗರೇಟಿನಂತೆ ಎಳೆಯಲು ಕೊಟ್ಟು ನೋಡಿದಾಗ, ಆ ಹೊತ್ತಿಗೆ ಹಂಬಲ ಕಡಿಮೆಯಾಗಿತ್ತು. ಸಣ್ಣ ಪ್ರಯೋಗ, ಅದರಿಂದ ಜನ ಚಟ ಬಿಟ್ಟರೆಂದು ಯಾರೂ ಹೇಳಿಲ್ಲ. ಆದರೆ ಲವಂಗ, ಒಣಶುಂಠಿ, ಮೆಣಸಿನ ಕಾಳು ಯಾಕೆ ನೆರವಾಗುತ್ತವೆ ಎನ್ನುವುದಕ್ಕೆ ಇದೊಂದು ಸುಳಿವು. ಒಂದು ಲವಂಗವನ್ನು ದವಡೆಯಲ್ಲಿಟ್ಟು ನಿಧಾನ ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ, ಐದಾರು ನಿಮಿಷ ಅದರಲ್ಲೇ ಹೋಗುತ್ತದೆ. ನಿಮಗೆ ಬೇಕಾದದ್ದೂ ಅಷ್ಟೇ ಹೊತ್ತು. ದಿನಕ್ಕೆ ನಾಲ್ಕೈದು ಸಾಕು. ಲವಂಗದ ಎಣ್ಣೆ ಬೇಡ, ಬಾಯಿ ಸುಟ್ಟೀತು.

ನಿಂಬೆಗೆ ನಮ್ಮಲ್ಲಿ ಕೊರತೆಯೇ, ಇಂಡಿ ಪಕ್ಕದಲ್ಲೇ ಇದೆ. ಥಾಯ್ಲೆಂಡಿನಲ್ಲಿ ನೂರು ಜನರ ಮೇಲೆ ಹೋಳು ಮಾಡಿದ ಹಸಿ ನಿಂಬೆಗೂ ಚಟ ಬಿಡಲು ಅಗಿಯುವ ನಿಕೋಟಿನ್ ಗಮ್ಮಿಗೂ ಪೈಪೋಟಿ ಹಚ್ಚಿ ನೋಡಿದ್ದರು. ಮೊದಲ ತಿಂಗಳು ಗಮ್ಮೇ ಮೇಲಾಯಿತು, ಹನ್ನೆರಡು ವಾರದ ಹೊತ್ತಿಗೆ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಹಂಬಲ ಬಂದಾಗ ಒಂದು ಹೋಳು ಚೀಪಿ, ಮೇಲೆ ನೀರು ಮುಕ್ಕಳಿಸಿ, ಇಲ್ಲವಾದರೆ ಹಲ್ಲು ಜುಮ್ಮೆನ್ನುತ್ತದೆ. ನೀವು ಗಮ್ಮನ್ನೂ ಬಳಸುವವರಾದರೆ ಎಚ್ಚರ. ಗಮ್ಮು ಅಗಿಯುವ ಕಾಲು ತಾಸು ಮೊದಲು ನಿಂಬೆ, ಚಹಾ, ಕಾಫಿ ಏನೂ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಇಳಿಯುವುದಿಲ್ಲ, ದುಡ್ಡು ದಂಡ. ಅದನ್ನು ಬಬಲ್‌ಗಮ್ಮಿನಂತೆ ಚಪ್ಪರಿಸುವುದೂ ತಪ್ಪು. ನಾಲ್ಕು ಸಲ ಅಗಿದು, ಚುರುಕು ಬಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಬೇಕು. ಚುರುಕು ಹೋದ ಮೇಲೆ ಮತ್ತೆ ಅಗಿಯಬೇಕು.

ಊಟವಾದ ಮೇಲಿನದು ಎಲ್ಲಕ್ಕಿಂತ ಗಟ್ಟಿ ಚಟ. ರೊಟ್ಟಿ, ಪಲ್ಯ, ಹಿಂಡಿ ತಿಂದು ತಾಟಿನಲ್ಲೇ ಕೈ ತೊಳೆದು ಹೊರಗೆ ಹೋಗುವ ರೂಢಿ. ಇದಕ್ಕೆ ಮದ್ದು ಊಟದ ಜಾಗದಲ್ಲೇ ಇರಬೇಕು: ಹುರಿದ ಅಜವಾನ ಪುಡಿ, ಶುಂಠಿ, ಉಪ್ಪು ಹಾಕಿದ ದೊಡ್ಡ ಗ್ಲಾಸು ಮಜ್ಜಿಗೆ, ಅದರ ಮೇಲೆ ಬಡೇಸೋಪು. ಆಮೇಲೆ ಹಲ್ಲುಜ್ಜಿ. ಉಜ್ಜಿದ ಬಾಯಿಗೆ ಬೀಡಿ ಅಷ್ಟು ರುಚಿಸುವುದಿಲ್ಲ.

ಎರಡನೇ ವಾರಕ್ಕೆ ಯಾರೂ ಮುಂಚೆ ಹೇಳದ ಕಾಟಗಳು ಶುರುವಾಗುತ್ತವೆ. ಮಲಬದ್ಧತೆ ಒಂದು. ಬೆಳಗಿನ ಬೀಡಿ ಇಲ್ಲದೆ ಹೊಟ್ಟೆ ಸಾಫಾಗುವುದಿಲ್ಲ ಎಂದು ಗಂಡಸರು ಹೇಳುವುದು ಸುಳ್ಳಲ್ಲ, ನಿಕೋಟಿನ್ ಕರುಳನ್ನು ಓಡಿಸುತ್ತದೆ. ರಾತ್ರಿ ನೀರಲ್ಲಿ ನೆನೆಸಿದ ಹತ್ತು ಹನ್ನೆರಡು ಮಣೂಕವನ್ನು ನೀರಿನ ಸಮೇತ ಬೆಳಿಗ್ಗೆ ತಗೊಳ್ಳಿ, ಜೋಳದ ರೊಟ್ಟಿಗೆ ಅಗಸಿ ಚಟ್ನಿ ಇರಲಿ, ನೀರು ಹೆಚ್ಚು ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದವರಿಗೆ ಮಣೂಕ ಬೇಡ, ಅಗಸಿಯೇ ಸಾಕು. ಎರಡನೆಯದು ಬಾಯಿಹುಣ್ಣು. ಬಿಟ್ಟ ಮೊದಲ ವಾರಗಳಲ್ಲಿ ಎಷ್ಟೋ ಜನಕ್ಕೆ ಬರುತ್ತದೆ, ತಾನೇ ಹೋಗುತ್ತದೆ. ಖಾರ ಕಡಿಮೆ ಮಾಡಿ, ಹುಣ್ಣಿಗೆ ತುಪ್ಪ ಸವರಿ. ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಅಥವಾ ಬಿಳಿ ಕಲೆ ಇದ್ದರೆ ಅದು ಬೇರೆಯೇ ವಿಷಯ, ದಂತವೈದ್ಯರಿಗೆ ತೋರಿಸಲೇಬೇಕು. ಮೂರನೆಯದು ಕೆಮ್ಮು. ಸೇದುವುದು ಬಿಟ್ಟ ಮೇಲೆ ಕೆಮ್ಮು ಹೆಚ್ಚಾಯಿತು ಎಂದು ಹೆದರುತ್ತಾರೆ. ಶ್ವಾಸನಾಳದ ಒಳಗಿನ ಸೂಕ್ಷ್ಮ ಕೂದಲುಗಳು ಇಷ್ಟು ವರ್ಷ ಹೊಗೆಗೆ ಮರಗಟ್ಟಿದ್ದವು, ಈಗ ಎದ್ದು ಕಸ ಗುಡಿಸುತ್ತಿವೆ. ತುಳಸಿ, ಶುಂಠಿ, ಜೇಷ್ಠಮಧು ಹಾಕಿ ಕುದಿಸಿದ ನೀರು ಗಂಟಲಿಗೆ ಹಿತ. ರಕ್ತದೊತ್ತಡ ಇದ್ದವರು ಜೇಷ್ಠಮಧುವನ್ನು ದಿನಾ ಚೀಪಬಾರದು, ಅದು ಒತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಕಫದಲ್ಲಿ ರಕ್ತ ಕಂಡರೆ ಕಷಾಯ ಕಾಯಿಸುತ್ತ ಕೂಡಬೇಡಿ.

ತೂಕ ನಾಲ್ಕೈದು ಕಿಲೋ ಏರಬಹುದು. ಏರಲಿ ಬಿಡಿ. ಅದನ್ನು ಆಮೇಲೆ ಇಳಿಸಬಹುದು.

ದ್ರಾಕ್ಷಿ ತೋಟದವರಿಗೆ ಇನ್ನೊಂದು ಸಂಗತಿ. ಔಷಧಿ ಹೊಡೆಯುವಾಗ ಒಂದು ಟ್ಯಾಂಕು ಮುಗಿಸಿ ಇನ್ನೊಂದು ತುಂಬುವ ನಡುವೆ ಬೀಡಿ ಹಚ್ಚುವುದು ತಿಕೋಟಾ ಬಬಲೇಶ್ವರ ಕಡೆ ಎಲ್ಲ ತೋಟದಲ್ಲೂ ಕಾಣುತ್ತದೆ. ಕೈಗೆ ಮೆತ್ತಿದ ಕೀಟನಾಶಕ ಬೀಡಿಯ ತುದಿಯಿಂದ ನೇರ ತುಟಿಗೆ. ಆ ನಡುವಿನ ಬೀಡಿಯನ್ನಾದರೂ ಮೊದಲು ಬಿಡಿ.

ಇವುಗಳಿಂದ ದೂರ

ತಂಬಾಕಿಲ್ಲದ ಹರ್ಬಲ್ ಸಿಗರೇಟು, ಹರ್ಬಲ್ ಬೀಡಿ ಎಂದು ತುಳಸಿ, ಪುದೀನಾ, ಗುಲಾಬಿ ಎಸಳಿನ ಚಿತ್ರ ಹಾಕಿ ಮಾರುತ್ತಾರೆ. ಯಾವ ಎಲೆ ಸುಟ್ಟರೂ ಟಾರು ಬರುತ್ತದೆ, ಕಾರ್ಬನ್ ಮೊನಾಕ್ಸೈಡು ಬರುತ್ತದೆ. ನಿಕೋಟಿನ್ ಇಲ್ಲದ್ದರಿಂದ ಹಂಬಲವೂ ತಣಿಯುವುದಿಲ್ಲ. ಬೆರಳಿಗೆ, ತುಟಿಗೆ, ಕಡ್ಡಿ ಗೀರುವುದಕ್ಕೆ ಇರುವ ರೂಢಿ ಮಾತ್ರ ಹಾಗೇ ಉಳಿಯುತ್ತದೆ. ಆಯುರ್ವೇದದಲ್ಲಿ ಧೂಮಪಾನ ಎಂಬ ಚಿಕಿತ್ಸೆಯೇ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಅದು ಕಫದ ಕೆಲವು ತೊಂದರೆಗಳಿಗೆ, ಹೊತ್ತು ನೋಡಿ, ಲೆಕ್ಕವಿಟ್ಟು ಕೊಡುವ ಚಿಕಿತ್ಸೆ. ಚಹಾದ ಜೋಡಿ ಎಳೆಯುವುದಲ್ಲ. ಹರ್ಬಲ್ ಹುಕ್ಕಾದ ನೆಪ ಇಲ್ಲಿ ನಡೆಯುವುದಿಲ್ಲ, 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾವನ್ನೇ ನಿಷೇಧಿಸಿದೆ. ಇ-ಸಿಗರೇಟು 2019ರಿಂದ ದೇಶದಲ್ಲೇ ನಿಷಿದ್ಧ.

ರಸ್ತೆ ಬದಿಯ ಮದಗುಣಕಿ, ಅಂದರೆ ದತ್ತೂರಿಯ ಎಲೆ ಸೇದಿದರೆ ದಮ್ಮು ಇಳಿಯುತ್ತದೆ, ಬೀಡಿಯೂ ಬಿಡುತ್ತದೆ ಎನ್ನುವ ಹಳೆಯ ಮಾತಿದೆ. ಅದು ವಿಷ, ಬುದ್ಧಿ ಕೆಡಿಸುತ್ತದೆ, ಪ್ರಾಣವನ್ನೂ ತೆಗೆದೀತು. ಬಸ್ಸಿನ ಹಿಂದೆ, ಗೋಡೆಯ ಮೇಲೆ "ಊಟದಲ್ಲಿ ಬೆರೆಸಿ ಕೊಡಿ, ಗೊತ್ತೇ ಆಗುವುದಿಲ್ಲ" ಎಂದು ಜಾಹೀರಾತು ಹಾಕುವ ಪುಡಿಗಳನ್ನು ತರಿಸಬೇಡಿ. ಒಳಗೇನಿದೆ ಎಂದು ತರಿಸಿದವರಿಗೂ ಗೊತ್ತಿರುವುದಿಲ್ಲ, ತಿಂದವನಿಗೂ ಗೊತ್ತಿರುವುದಿಲ್ಲ.

ಇನ್ನು ನಮ್ಮ ಕಡೆಯ ದೊಡ್ಡ ಬಲೆ: ಬೀಡಿ ಬಿಟ್ಟು ಅಡಿಕೆ-ತಂಬಾಕಿನ ಮಾವಾ, ಗುಟ್ಕಾ, ಸುಣ್ಣ ತಂಬಾಕು ಹಿಡಿಯುವುದು. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8, ಜಗಿಯುವವರು ಮತ್ತು ಬಾಯಲ್ಲಿಡುವವರು 16.3. ಹೊಗೆ ಬಿಟ್ಟವನಿಗೆ ಪಾನಂಗಡಿಯವನು ಕೊಡುವ ಮೊದಲ ಸಲಹೆ ಮಾವಾ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಾರಿದೆ. ಬಾಯಿಗೆ ಕೆಲಸ ಬೇಕಾದರೆ ಶೇಂಗಾ ಇದೆ.

ನಿಜವಾಗಿ ಚಟ ಬಿಡಿಸುವ ಗಿಡ ಯಾವುದೂ ಇಲ್ಲವೇ? ಒಂದಿದೆ, ನಮ್ಮ ಕಡೆಯದಲ್ಲ. ಯುರೋಪಿನ ಲಬರ್ನಮ್ ಮರದ ಬೀಜದಲ್ಲಿರುವ ಸೈಟಿಸಿನ್ ಎಂಬ ವಸ್ತುವಿನಿಂದ ಬಲ್ಗೇರಿಯಾದವರು 1964ರಿಂದ ಮಾತ್ರೆ ಮಾಡುತ್ತಿದ್ದಾರೆ. 2014ರ ನ್ಯೂಜಿಲೆಂಡಿನ ಪ್ರಯೋಗದಲ್ಲಿ ಅದು ನಿಕೋಟಿನ್ ಗಮ್ಮು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಿಂತ ಮೇಲಾಯಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮದ್ದುಗಳಲ್ಲಿ ಅದೂ ಒಂದು. ಆ ಮರದ ಬೀಜವನ್ನೇ ತಿಂದರೆ ಮಾತ್ರ ವಿಷ. ಅಳೆದು ಮಾತ್ರೆ ಮಾಡಿದಾಗಷ್ಟೇ ಔಷಧಿ. ವೈದ್ಯರು ಇವತ್ತು ಬರೆದುಕೊಡುವ ವರೆನಿಕ್ಲಿನ್ ಮಾತ್ರೆ ಹುಟ್ಟಿದ್ದೂ ಇದರ ಜಾಡು ಹಿಡಿದೇ. ಹಾಗಾಗಿ ಇಂಗ್ಲಿಷ್ ಮಾತ್ರೆ, ಮೂಲಿಕೆ ಎಂದು ಬೇಲಿ ಹಾಕಿಕೊಂಡು ಕೂಡುವುದರಲ್ಲಿ ಅರ್ಥವಿಲ್ಲ. ಎದ್ದ ಅರ್ಧ ತಾಸಿನೊಳಗೆ ಮೊದಲ ಬೀಡಿ ಹಚ್ಚುವವರಿಗೆ ಲವಂಗವೊಂದೇ ಸಾಲದು. ಜಿಲ್ಲಾಸ್ಪತ್ರೆಗೋ ಹತ್ತಿರದ ವೈದ್ಯರಲ್ಲಿಗೋ ಹೋಗಿ ಗಮ್ಮು, ಪಟ್ಟಿ, ಮಾತ್ರೆ ಕೇಳಿ. ಬಸುರಿಯರು, ಹೃದ್ರೋಗಿಗಳು ತಾವೇ ಏನನ್ನೂ ಶುರು ಮಾಡಬಾರದು. ಊರು ಬಿಟ್ಟು ಹೋಗಲಾಗದವರಿಗೆ ಫೋನಿದೆ: 1800-11-2356, ರಾಷ್ಟ್ರೀಯ ಸಹಾಯವಾಣಿ, ಕಾಸಿಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ, ಆ ಕೆಲಸ ನೋಡಿಕೊಳ್ಳುವುದು ಬೆಂಗಳೂರಿನ ನಿಮ್ಹಾನ್ಸ್.

ತಿಕೋಟಾದ ಕಾಕಾ ಫೋನನ್ನೂ ಮಾಡಿರಲಿಲ್ಲ, ಮಾತ್ರೆಯನ್ನೂ ನುಂಗಿರಲಿಲ್ಲ. ನಡುವೆ ಒಮ್ಮೆ ಜಾರಿದ್ದರು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಎತ್ತು ನೋಡಲು ಹೋದಾಗ ಹಳೆಯ ಗೆಳೆಯ ಸಿಕ್ಕು, ಒಂದು ಹಚ್ಚಿಕೊಟ್ಟನಂತೆ.

"ಸೇದಿದ್ರೇನು?"

"ಅರ್ಧ ಸೇದಿದ್ನಿ. ತಲಿ ತಿರುಗಿತು, ಒಗದೆ. ಎಲ್ಲಾ ಹೋತು, ಇನ್ನೇನೈತಿ, ಪೂರಾ ಕಟ್ಟ ತಗೊಂಡಬಿಡೂಣು ಅನಸ್ತು."

"ಮುಂದ?"

"ಮುಂದೇನ. ಜಾತ್ರ್ಯಾಗ ಕಿರಾಣಿ ಅಂಗಡಿ ಇರತಾವಲ್ಲ. ಹತ್ತು ರೂಪಾಯಿ ಲವಂಗ ಕಟ್ಟಸ್ಕೊಂಡು ಬಸ್ ಹತ್ತಿದ್ನಿ."